ಮೂರನೇ ರಾಡಿನ ಕ್ಯಾಪು

"ಅದರಲ್ಲಿ ಹುಡುಕೋಕೆ ಏನಿದೆಯಮ್ಮಾ? ತಪ್ಪು ನನ್ನದು ಅಂತ ಹೇಳಿದೀನಲ್ಲ. ಬರ್ಕೊಂಡು ಮುಗಿಸಿ," ಎಂದರು ಕಿವಿ ಮೇಸ್ತ್ರಿ.

ನಾನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದ್ದ ಎಂಜಿನ್ನಿನ ಅಡಿಯಲ್ಲಿ ಅಂಗಾತ ಮಲಗಿ, ಆಯಿಲ್ ಚೇಂಬರಿನ ಬೋಲ್ಟುಗಳನ್ನು ಸಡಿಲಿಸುತ್ತಿದ್ದೆ. ಕರೀ ಎಣ್ಣೆ ಹನಿಹನಿಯಾಗಿ ತೋಳಿನ ಮೇಲೆ ಬೀಳುತ್ತಿತ್ತು. ಈ ಕಸುಬಿಗೆ ಬಂದ ಮೇಲೆ ತಿಳಿ ಬಣ್ಣದ ಬಟ್ಟೆ ಕೊಳ್ಳುವುದನ್ನೇ ಬಿಟ್ಟಿದ್ದೇನೆ.

"ಯಾವ ತಪ್ಪು ಮೇಸ್ತ್ರಿಗಳೇ?" ಎಂದು ಕೆಳಗಿನಿಂದಲೇ ಕೇಳಿದೆ.

ಮೇಸ್ತ್ರಿ ಇತ್ತ ತಿರುಗಿಯೂ ನೋಡಲಿಲ್ಲ.

ಮೇಸ್ತ್ರಿಯ ಮಗಳು ಅವರ ಎದುರಿಗೆ ಹೋಗಿ ನಿಂತಳು. "ಯಾವ ತಪ್ಪು ಅಂತ ಕೇಳ್ತಿದಾರಪ್ಪ."

"ನನ್ನ ತಪ್ಪು," ಎಂದರು ಅವರು, ಅಷ್ಟೇ. ಗೋಡೆಗೆ ಮಾತಾಡಿದರೂ ಇದಕ್ಕಿಂತ ಹೆಚ್ಚು ತಿಳಿಯುತ್ತಿತ್ತು.

ಹೋದ ವಾರ ಈ ಎಂಜಿನ್ನಿದ್ದ ಲಾರಿ ಇಳಿಜಾರಿನ ತಿರುವಿನಲ್ಲಿ ಏಕಾಏಕಿ ಎಂಜಿನ್ ಕಚ್ಚಿಕೊಂಡು ಹತೋಟಿ ತಪ್ಪಿ, ಸೇತುವೆಯ ಗೋಡೆ ಒಡೆದು ಕೆಳಗೆ ಬಿದ್ದಿತ್ತು. ಓಡಿಸುತ್ತಿದ್ದವನು ಮೇಸ್ತ್ರಿಯ ಅಳಿಯ, ಈ ಹುಡುಗಿಯ ಗಂಡ. ಎಂಜಿನ್ನನ್ನು ಪೂರ್ತಿ ಬಿಚ್ಚಿ ಹೊಸದಾಗಿ ಜೋಡಿಸಿ ಕಳಿಸಿದವರು ಮೇಸ್ತ್ರಿಯೇ, ಇದೇ ಗ್ಯಾರೇಜಿನಲ್ಲಿ.

ನಾನು ವಿಮಾ ಕಂಪನಿಯ ಸರ್ವೇಯರ್. ಸತ್ತ ಎಂಜಿನ್ನುಗಳ ಹೊಟ್ಟೆ ಬಗೆದು, ಯಾಕೆ ಸತ್ತವು ಎಂದು ಹೇಳುವುದು ನನ್ನ ಕೆಲಸ. ಸತ್ತ ಮನುಷ್ಯರನ್ನು ತಲೆಗೆ ಹಚ್ಚಿಕೊಳ್ಳಬಾರದು ಎಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಪ್ರತಿ ಸಲವೂ ಹಚ್ಚಿಕೊಳ್ಳುತ್ತೇನೆ.

ಈ ಸಲವಂತೂ ಶುರುವಿನಲ್ಲೇ ಸೋತಿದ್ದೆ. ಬೆಳಗ್ಗೆ ಗೇಟಿನ ಬಳಿ ಕಾರು ನಿಲ್ಲಿಸುವಷ್ಟರಲ್ಲಿ ಆ ಹುಡುಗಿ ಓಡಿ ಬಂದಿದ್ದಳು. ಗಂಡನ ಖಾಕಿ ಅಂಗಿ ಹಾಕಿಕೊಂಡಿದ್ದಳು, ತೋಳು ಮಡಚಿ ಮಡಚಿ ಮೊಣಕೈಯವರೆಗೆ ಏರಿಸಿದ್ದಳು. "ಮೇಡಂ, ಅವರಂತೂ ಹೋದ್ರು. ಅಪ್ಪನ್ನಾದರೂ ಉಳಿಸಿಕೊಡಿ," ಎಂದಿದ್ದಳು. ಎಂಜಿನ್ ಜೋಡಣೆಯಲ್ಲಿ ಮೇಸ್ತ್ರಿಯ ತಪ್ಪು ಸಿಕ್ಕರೆ ಇನ್ಸ್‌ಪೆಕ್ಟರ್ ಇವತ್ತೇ ಅವರನ್ನು ಕರೆದೊಯ್ಯುವವರಿದ್ದರು.

ಆ ಇನ್ಸ್‌ಪೆಕ್ಟರ್ ಈಗ ಹಳೇ ಟೈರೊಂದರ ಮೇಲೆ ಬಿಳಿ ಕರವಸ್ತ್ರ ಹಾಸಿಕೊಂಡು ಕುಳಿತಿದ್ದರು. ಗ್ಯಾರೇಜಿನಲ್ಲಿ ಪ್ಯಾಂಟು ಉಳಿಸಿಕೊಳ್ಳಲು ಹೊರಟ ಅವರ ಧೈರ್ಯ ಮೆಚ್ಚಬೇಕಾದ್ದೇ. ಕರವಸ್ತ್ರ ಆಗಲೇ ಕಪ್ಪಾಗಿತ್ತು.

ಕೊನೆಯ ಬೋಲ್ಟು ಬಂತು. ಚೇಂಬರನ್ನು ಇಳಿಸಿ, ಟಾರ್ಚ್ ಹಿಡಿದು ಮೇಲಕ್ಕೆ ನೋಡಿದೆ.

ಪಿಸ್ಟನ್ನಿಗೆ ಜೋಡಿಸಿರುವ ಮೂರನೇ ಕನೆಕ್ಟಿಂಗ್ ರಾಡ್ ಮುರಿದು, ಎಂಜಿನ್ನಿನ ಗೋಡೆಯನ್ನೇ ತೂತು ಮಾಡಿ ಹೊರಗೆ ಇಣುಕಿತ್ತು. ಅದು ಹೊರಗಿನಿಂದಲೂ ಕಾಣುತ್ತಿತ್ತು. ನನಗೆ ಬೇಕಾದವು ಉಳಿದ ರಾಡುಗಳು. ರಾಡುಗಳ ಬುಡಕ್ಕೆ ಬಿಗಿದಿದ್ದ ಒಂದೊಂದೇ ಕ್ಯಾಪು ಬಿಚ್ಚಿ, ಒಳಗಿನ ಬೇರಿಂಗುಗಳನ್ನು ಕೈಗೆ ತೆಗೆದುಕೊಂಡೆ. ಬೆಳ್ಳಗೆ ಇರಬೇಕಾದವು ಸುಟ್ಟು, ತಾಮ್ರ ಕಾಣುವಷ್ಟು ಸವೆದಿದ್ದವು. ಒಂದಲ್ಲ, ಎಲ್ಲವೂ.

"ಇನ್ಸ್‌ಪೆಕ್ಟರೇ, ಇಲ್ಲಿ ನೋಡಿ," ಎಂದು ಹೊರಗೆ ಬಂದು ಅವುಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟೆ. "ಜೋಡಿಸಿದವರ ತಪ್ಪಾಗಿದ್ದರೆ ಒಂದು ಬೇರಿಂಗ್ ಸುಡ್ತಿತ್ತು. ಎಲ್ಲ ಸುಟ್ಟಿದೆ ಅಂದರೆ ಎಂಜಿನ್ನಿಗೆ ಎಣ್ಣೆಯೇ ಹೋಗಿಲ್ಲ."

"ಚೇಂಬರ್ ತುಂಬ ಎಣ್ಣೆ ಇದೆಯಲ್ಲ ಮೇಡಂ?"

"ಇದೆ. ಕೆಳಗೇ ಇದೆ. ಮೇಲಕ್ಕೆ ಏರಿಲ್ಲ."

ಮಗಳ ಕಣ್ಣು ಹೊಳೆಯಿತು. ಬೆಳಗ್ಗೆಯಿಂದ ಆ ಮುಖದಲ್ಲಿ ನಾನು ಕಂಡ ಮೊದಲ ಬೆಳಕು ಅದು. "ಹಾಗಾದ್ರೆ ಅಪ್ಪನ ಕೆಲಸದಲ್ಲಿ ತಪ್ಪಿಲ್ಲ ಅಲ್ವಾ ಮೇಡಂ?"

"ಇರು ಮಗಳೇ, ಪೂರ್ತಿ ನೋಡ್ತೀನಿ," ಎಂದು ಮತ್ತೆ ಕೆಳಗೆ ತೂರಿದೆ.

ಎಣ್ಣೆ ಏರದಿದ್ದರೆ ಮೊದಲು ನೋಡಬೇಕಾದದ್ದು ಜಾಲರಿ. ಪಂಪು ಎಣ್ಣೆ ಹೀರಿಕೊಳ್ಳುವುದು ಅದರ ಮೂಲಕವೇ. ಅದನ್ನು ಬಿಚ್ಚಿ ಟಾರ್ಚಿನ ಬೆಳಕಿಗೆ ಹಿಡಿದೆ. ಹಿಡಿದವಳು ಹಾಗೇ ಉಳಿದೆ.

ಜಾಲರಿಯ ಕಣ್ಣುಗಳೆಲ್ಲ ಮುಚ್ಚಿಹೋಗಿದ್ದವು. ಕೆಂಪನೆಯ, ರಬ್ಬರಿನಂಥ ಎಳೆಗಳು. ಟ್ಯೂಬಿನಲ್ಲಿ ಬರುವ ಗೋಂದು. ಎರಡು ಭಾಗ ಜೋಡಿಸುವಾಗ ಸೋರದಿರಲಿ ಎಂದು ಹಚ್ಚುತ್ತಾರೆ. ಜಾಸ್ತಿ ಹಚ್ಚಿದರೆ ಒಳಕ್ಕೆ ಉಬ್ಬಿದ ಅಂಚು ಕಳಚಿಕೊಂಡು ಎಣ್ಣೆಗೆ ಬೀಳುತ್ತದೆ. ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ನನ್ನ ಕೈಯಲ್ಲೇ ಇತ್ತು.

ಆದರೆ ಕಿವಿ ಮೇಸ್ತ್ರಿ ಗೋಂದು ಮುಟ್ಟುವವರಲ್ಲ ಎಂದು ಈ ಕಸುಬಿನಲ್ಲಿರುವ ಎಲ್ಲರಿಗೂ ಗೊತ್ತು. ದಪ್ಪ ಕಾಗದವನ್ನು ಅಂಚಿನ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಗ್ಯಾಸ್ಕೆಟ್ ಕತ್ತರಿಸುವ ಹಳೇ ಕೈ ಅವರದು. ಚೇಂಬರಿನ ಅಂಚನ್ನು ಉಗುರಿನಿಂದ ಕೆರೆದೆ. ಒಂದು ಮೂಲೆಯಲ್ಲಿ ಹಳೇ ಕಾಗದದ ಚೂರು ಅಂಟಿಕೊಂಡೇ ಇತ್ತು. ಅದರ ಮೇಲೆ ಕೆಂಪು ಗೋಂದು.

ಅಂದರೆ ಮೇಸ್ತ್ರಿ ಮುಚ್ಚಿದ್ದನ್ನು ಇನ್ಯಾರೋ ತೆರೆದಿದ್ದಾರೆ.

ಯೋಚನೆಯಲ್ಲಿ ಸ್ಪ್ಯಾನರ್ ಕೈಜಾರಿತು. ಕೆಳಗಿದ್ದ ತಗಡಿನ ಮೇಲೆ ಬಿದ್ದು ಅದು ಮಾಡಿದ ಸದ್ದಿಗೆ ಇನ್ಸ್‌ಪೆಕ್ಟರ್ ಟೈರಿನಿಂದ ಎದ್ದೇ ಬಿಟ್ಟರು. ಮಗಳು ಎದೆ ಹಿಡಿದುಕೊಂಡಳು.

ಮೇಸ್ತ್ರಿ ನಮಗೆ ಬೆನ್ನು ಹಾಕಿ ನಿಂತಿದ್ದರು. ಅವರು ಕದಲಲಿಲ್ಲ.

ನಾನು ಅವರನ್ನು ನೋಡಿದೆ. ಮಗಳು ನನ್ನನ್ನು ನೋಡಿದಳು. 'ಬೇಡ' ಎಂಬಂತೆ ಸಣ್ಣಗೆ ತಲೆಯಾಡಿಸಿದಳು.

ಕಿವಿ ಮೇಸ್ತ್ರಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಒಳಗೆ ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವು ಸಡಿಲ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ ಮನುಷ್ಯ. ದೂರದ ರಸ್ತೆಗಳಲ್ಲಿ ಕೆಟ್ಟು ನಿಂತ ಡ್ರೈವರುಗಳು ಫೋನನ್ನು ಬಾನೆಟ್ಟಿನೊಳಗೆ ಹಿಡಿದು ಅವರಿಗೆ ಎಂಜಿನ್ ಕೇಳಿಸುತ್ತಿದ್ದರು. ಆ ಕಿವಿ ಈಗ ಸತ್ತಿತ್ತು.

ಜಾಲರಿಯನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ. ಯಾಕೆ ಮುಚ್ಚಿಟ್ಟೆ ಎಂದು ಕೇಳಿದರೆ, ಹೆದರಿಕೆ ಅನ್ನಿ.

ಇನ್ಸ್‌ಪೆಕ್ಟರ್ ಮುರಿದ ರಾಡಿನ ಬಳಿ ಬಗ್ಗಿದ್ದರು. "ಎಲ್ಲ ಸುಟ್ಟಿರಬಹುದು ಮೇಡಂ. ಆದರೆ ಮುರಿದದ್ದು ಮೂರನೇದು ಮಾತ್ರ. ನಾನೂ ನಾಲ್ಕು ಜನ ಮೆಕ್ಯಾನಿಕ್‌ಗಳನ್ನ ವಿಚಾರಿಸಿ ಬಂದಿದೀನಿ. ರಾಡಿನ ಮೇಲೂ ಕ್ಯಾಪಿನ ಮೇಲೂ ನಂಬರ್ ಇರುತ್ತೆ, ಎರಡೂ ಒಂದೇ ಕಡೆ ಬರಬೇಕು. ಕ್ಯಾಪು ತಿರುಗಾಮುರುಗಾ ಕೂತರೆ ಅಲ್ಲಿಗೆ ಕತೆ ಮುಗೀತು ಅಂದರು. ಮೇಸ್ತ್ರಿಗೆ ವಯಸ್ಸಾಗಿದೆ. ಮೂರನೇ ಕ್ಯಾಪನ್ನ ಅವರು ತಿರುಗಿಸಿ ಹಾಕಿರಬಹುದಲ್ಲ?"

"ಇಲ್ಲ!" ಎಂದಳು ಮಗಳು. "ಮೂರನೇ ಕ್ಯಾಪು ಸರಿಯಾಗಿತ್ತು. ನಾನೇ ಕೈಯಾರೆ ಸರಿ ಮಾಡಿ ಕೂರಿಸಿದೀನಿ."

ಹೇಳಿದ ಮೇಲೆ ತುಟಿ ಕಚ್ಚಿಕೊಂಡಳು. ತಡವಾಗಿತ್ತು.

"ಸರಿ ಮಾಡಿ ಅಂದರೆ? ಮೊದಲು ಸರಿ ಇರಲಿಲ್ಲವಾ?" ಎಂದರು ಇನ್ಸ್‌ಪೆಕ್ಟರ್.

ಅವಳು ಒಮ್ಮೆ ಹಿಂತಿರುಗಿ ನೋಡಿದಳು. ಅಪ್ಪ ಅತ್ತ ಬೆಂಚಿನ ಮೇಲಿನ ಸುಟ್ಟ ಬೇರಿಂಗುಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದರು. ಮಗಳು ಅವರಿಗೆ ಬೆನ್ನು ಮಾಡಿದಳು, ತುಟಿ ಕಾಣದ ಹಾಗೆ.

"ಅಪ್ಪನಿಗೆ ಕಿವಿ ಕೇಳ್ಸಲ್ಲ ಸಾರ್. ಬಹಳ ದಿನ ಆಯ್ತು. ಯಾರಿಗೂ ಗೊತ್ತಿಲ್ಲ. ಮೊದಲೆಲ್ಲ ಸದ್ದಿನಲ್ಲೇ ತನ್ನ ತಪ್ಪು ತಾನೇ ಹಿಡೀತಿದ್ದ. ಈಗ ಕೈ ತಪ್ಪಿದರೂ ಅವನಿಗೆ ಗೊತ್ತಾಗಲ್ಲ. ಊಟ ಮಾಡಿ ಮಲಗ್ತಾನಲ್ಲ, ಆಗ ನಾನು ಎಲ್ಲ ಬಿಚ್ಚಿ ನೋಡ್ತೀನಿ. ತಪ್ಪಿದ್ದರೆ ಸರಿ ಮಾಡಿ, ಇದ್ದ ಹಾಗೇ ಮುಚ್ಚಿಬಿಡ್ತೀನಿ. ಈ ಎಂಜಿನ್ನಲ್ಲಿ ಮೂರನೇ ಕ್ಯಾಪು ತಿರುಗಿತ್ತು. ನಾನು ಸರಿ ಮಾಡಿದೆ. ಸ್ಟಾರ್ಟ್ ಮಾಡಿ ಕೇಳಿದೆ. ಚೂರೂ ಬಡಿತ ಇರಲಿಲ್ಲ. ಬೇಕಾದ್ರೆ ಈಗಲೇ ನಂಬರ್ ನೋಡಿ."

ಇನ್ಸ್‌ಪೆಕ್ಟರ್ ನನ್ನ ಕಡೆ ನೋಡಿದರು. ನಾನು ನೋಡಿಯಾಗಿತ್ತು. ರಾಡು ಮುರಿದಿದ್ದರೂ ನಂಬರುಗಳು ಒಂದೇ ಕಡೆ ಇದ್ದವು.

"ಸರಿಯಾಗೇ ಇದೆ," ಎಂದೆ.

"ನೋಡಿದ್ರಾ!" ಎಂದಳು ಅವಳು. ಗೆದ್ದವಳ ದನಿ. "ಅಪ್ಪನ ಕೈ ತಪ್ಪಿದ್ದು ನಿಜ. ಆದರೆ ಲಾರಿ ಗೇಟು ದಾಟೋವಾಗ ಆ ತಪ್ಪು ಇರಲಿಲ್ಲ. ಹಾಗಂತ ಬರೀರಿ ಮೇಡಂ. ಅಪ್ಪನಿಂದ ಅವರು ಹೋಗಲಿಲ್ಲ ಅಂತ ಬರೀರಿ. ನಾನು ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

ಒಂದೇ ಪ್ರಶ್ನೆ ಉಳಿದಿತ್ತು. ಕೇಳದೆ ಎದ್ದು ಹೋಗಿಬಿಡೋಣ ಅನ್ನಿಸಿತು. ದೇವರಾಣೆಗೂ ಅನ್ನಿಸಿತು.

"ಮುಚ್ಚೋವಾಗ ಗ್ಯಾಸ್ಕೆಟ್ ಏನು ಮಾಡಿದೆ?"

"ಅಪ್ಪ ಮಾಡಿದ ಕಾಗದದ್ದು ಬಿಚ್ಚೋವಾಗ ಹರಿದುಹೋಯ್ತು ಮೇಡಂ. ಹೊಸದು ತಟ್ಟಿ ಕತ್ತರಿಸೋಕೆ ಹೊತ್ತು ಹಿಡಿಯುತ್ತೆ. ಅಷ್ಟರಲ್ಲಿ ಅಪ್ಪ ಎದ್ದುಬಿಡ್ತಿದ್ದ. ಅದಕ್ಕೆ ಟ್ಯೂಬಿನ ಗೋಂದು ಹಚ್ಚಿದೆ. ಅವರು ಅಷ್ಟು ದೂರ ಹೋಗಬೇಕಲ್ಲ, ದಾರೀಲಿ ಸೋರಬಾರದು ಅಂತ ಸ್ವಲ್ಪ ಜಾಸ್ತೀನೇ..."

ಮಾತು ಅಲ್ಲಿಗೆ ನಿಂತಿತು. ನನ್ನ ಕೈ ಜೇಬಿನ ಮೇಲಿತ್ತು. ನಾನು ಅಲ್ಲಿಟ್ಟದ್ದಲ್ಲ, ತಾನಾಗಿ ಹೋಗಿತ್ತು.

"ಜೇಬಿನಲ್ಲೇನಿದೆ ಮೇಡಂ?"

"ಏನಿಲ್ಲ."

"ಜಾಲರಿ ಅಲ್ವಾ? ಬೆಂಚಿನ ಮೇಲೆ ಎಲ್ಲ ಇಟ್ಟಿದೀರಿ. ಅದೊಂದೇ ಇಲ್ಲ."

ಅವಳು ಕೈ ಚಾಚಿದಳು. ಕೊಡದೆ ಬೇರೆ ದಾರಿಯಿರಲಿಲ್ಲ.

ಬಟ್ಟೆ ಬಿಚ್ಚಿದಳು. ನೋಡಿದಳು. ಎಂಜಿನ್ ಬಿಚ್ಚುತ್ತಲೇ ಬೆಳೆದ ಹುಡುಗಿಗೆ ನಾನು ಹೇಳಿಕೊಡಬೇಕಾದದ್ದು ಏನೂ ಇರಲಿಲ್ಲ. ಉಗುರಿನಿಂದ ಒಂದು ಕೆಂಪು ಎಳೆಯನ್ನು ಎಬ್ಬಿಸಿದಳು. ಅದು ಉದ್ದಕ್ಕೆ ಬಂತು. ಇನ್ನೊಂದನ್ನು ಎಬ್ಬಿಸಿದಳು. ಈಗ ಬಿಡಿಸಿದರೆ ಇನ್ನೂ ಸರಿಹೋಗಬಹುದು ಎಂಬ ಹಾಗೆ ಬಿಡಿಸುತ್ತಲೇ ಇದ್ದಳು.

"ಬಿಡಮ್ಮ," ಎಂದೆ.

ಅವಳು ನೆಲಕ್ಕೆ ಕುಸಿದಳು. ಅಳಲಿಲ್ಲ. ಅತ್ತಿದ್ದರೆ ನಾವು ಏನಾದರೂ ಮಾಡಬಹುದಿತ್ತು.

"ನಾನಾ?" ಎಂದಳು. "ನಾನೇನಾ ಮೇಡಂ?"

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಇಷ್ಟು ವರ್ಷ ಪೊಲೀಸರಲ್ಲಿದ್ದೂ ಇಂಥದ್ದಕ್ಕೆ ಏನು ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ ಪಾಪ. ನನಗೂ ಯಾರೂ ಕಲಿಸಿಲ್ಲ.

ಆಗ ಮೇಸ್ತ್ರಿ ಈಚೆ ತಿರುಗಿದರು. ಮಗಳು ನೆಲದ ಮೇಲಿದ್ದುದನ್ನು ಕಂಡರು. ಅವಳ ಕೈಯಲ್ಲಿದ್ದ ಜಾಲರಿಯನ್ನು ಕಂಡರು, ಕೆಂಪು ಎಳೆಗಳನ್ನು ಕಂಡರು. ಅವರಿಗೂ ವಿವರಿಸಬೇಕಾಗಿರಲಿಲ್ಲ.

ನಡೆದು ಬಂದು, ಮಂಡಿ ಹಿಡಿದುಕೊಂಡು ಅವಳ ಎದುರು ಕುಳಿತರು. ಜಾಲರಿಯನ್ನು ಅವಳ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಂಡರು.

"ಕಾಗದ ಕತ್ತರಿಸಬೇಕಿತ್ತು ಪುಟ್ಟಿ," ಎಂದರು.

"ನೀನು ಎದ್ದುಬಿಡ್ತೀಯ ಅಂತ..."

"ನಾನೆಲ್ಲಿ ಮಲಗ್ತಿದ್ದೆ?" ಎಂದರು ಅವರು. "ಕಣ್ಣು ಮುಚ್ಕೊಂಡು ಬಿದ್ದಿರ್ತಿದ್ದೆ, ನೀನು ನೋಡ್ಲಿ ಅಂತ. ನನ್ನ ಕೈ ಮೇಲೆ ನಂಗೇ ನಂಬಿಕೆ ಹೋಗಿತ್ತು. ನೀನು ಸ್ಪ್ಯಾನರ್ ಎಲ್ಲ ಇದ್ದಲ್ಲೇ ಇಟ್ಟು, ಕೈ ತೊಳ್ಕೊಂಡ ಮೇಲೇ ಏಳ್ತಿದ್ದೆ. ನೀನು ಇನ್ನೊಂದು ಸ್ವಲ್ಪ ಹೊತ್ತು ತಗೊಂಡಿದ್ದರೆ, ನಾನೂ ಇನ್ನೊಂದು ಸ್ವಲ್ಪ ಹೊತ್ತು ಮಲಗಿರ್ತಿದ್ದೆ ಕಣೇ."

ನಾನು ಮುಖ ಆಚೆ ತಿರುಗಿಸಿದೆ. ಅಪ್ಪನ ಮಾನ ಕಾಯಲು ಮಗಳು ಕದ್ದು ಕೆಲಸ ಮಾಡಿದ್ದಳು. ಮಗಳಿಗೆ ಮುಜುಗರವಾಗದಿರಲಿ ಎಂದು ಅಪ್ಪ ನಿದ್ದೆಯ ನಾಟಕ ಆಡಿದ್ದರು. ಒಂದೇ ಒಂದು ದಿನ ಇಬ್ಬರಲ್ಲಿ ಒಬ್ಬರು ಬಾಯಿಬಿಟ್ಟಿದ್ದರೆ ಆ ಹುಡುಗ ಇವತ್ತು ಎಲ್ಲೋ ಲಾರಿ ಓಡಿಸಿಕೊಂಡು ಹಾಯಾಗಿರುತ್ತಿದ್ದ.

ಮಗಳು ಅಪ್ಪನ ಭುಜಕ್ಕೆ ಹಣೆ ಒತ್ತಿದಳು. ಈಗ ಅಳು ಬಂತು. ಅವರಿಗೆ ಆ ಅಳು ಕೇಳಿಸುತ್ತಿರಲಿಲ್ಲ, ಆದರೆ ಅವಳ ಬೆನ್ನಿನ ಮೇಲಿಟ್ಟ ಕೈಗೆ ತಿಳಿಯುತ್ತಿತ್ತು.

"ನನ್ನಿಂದ ಹೋದ್ರು ಅಪ್ಪ..."

ಅವರು ಅವಳ ಗಲ್ಲ ಹಿಡಿದೆತ್ತಿ, ಬಾಯಿ ನೋಡಿ ಅರ್ಥಮಾಡಿಕೊಂಡರು. ಜೋರಾಗಿ ತಲೆಯಾಡಿಸಿದರು.

"ಅಲ್ಲ. ಗೋಂದು ಕಟ್ಟಿಕೊಂಡಿದ್ದರೂ ಅವನು ಬದುಕ್ತಿದ್ದ. ನಾನು ತಪ್ಪು ನನ್ನದು ಅಂದದ್ದು ಎಂಜಿನ್ ಜೋಡಿಸಿದ್ದಕ್ಕಲ್ಲ ಪುಟ್ಟಿ."

ಇನ್ಸ್‌ಪೆಕ್ಟರ್ ಮುಂದೆ ಬಂದು, ಅವರಿಗೆ ಕಾಣುವಂತೆ ಬಗ್ಗಿ ಕೇಳಿದರು. "ಮತ್ತೆ ಯಾವುದಕ್ಕೆ ಮೇಸ್ತ್ರಿ?"

ಮೇಸ್ತ್ರಿ ಅಂಗೈಯಲ್ಲಿದ್ದ ಜಾಲರಿಯನ್ನೇ ನೋಡುತ್ತಾ ಹೇಳಿದರು. ಇಷ್ಟು ಹೊತ್ತು ಬೀಗ ಹಾಕಿದ್ದ ಬಾಯಿ ಈಗ ನಿಲ್ಲಲಿಲ್ಲ.

"ಆವತ್ತು ಅವನು ದಾರಿಯಿಂದ ಫೋನ್ ಮಾಡಿದ್ದ. ನನ್ನ ಫೋನಿಗೆ ಬರೋದನ್ನೆಲ್ಲ ಇವಳೇ ಎತ್ತಿ ಮಾತಾಡ್ತಾಳೆ. ಆವತ್ತು ಇವಳು ಸಾಮಾನು ತರೋಕೆ ಹೋಗಿದ್ದಳು. ಪರದೆ ಮೇಲೆ ಅಳಿಯನ ಫೋಟೋ ಬಂತು. ಹೇಗೆ ಎತ್ತದೆ ಇರಲಿ? ಎತ್ತಿ ಕಿವಿಗಿಟ್ಟೆ. ಏನೋ ಗುಂಯ್ ಅಂದ ಹಾಗಾಯ್ತು ಅಷ್ಟೇ. ಎಂಜಿನ್ ಕೇಳಿಸ್ತಿದಾನೆ ಅಂತ ಗೊತ್ತಾಯ್ತು. ಎಲ್ಲರೂ ಕೇಳಿಸ್ತಾರಲ್ಲ ನಂಗೆ."

"ಆಮೇಲೆ?" ಇನ್ಸ್‌ಪೆಕ್ಟರ್ ಅವರ ಮಂಡಿ ಮುಟ್ಟಿ, ಮುಖ ಎತ್ತಿಸಿ ಕೇಳಿದರು.

"ನಂಗೆ ಕೇಳಿಸ್ತಿಲ್ಲಪ್ಪ ಅಂತ ಹೇಳೋಕೆ ಬಾಯಿ ಬರಲಿಲ್ಲ ಸಾರ್. ನನ್ನ ಕಿವಿ ಹೋಗಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ನಮ್ಮ ಮಾವ ಅಂದರೆ ಅವನಿಗೆ ಬಲು ಹೆಮ್ಮೆ. 'ಚೆನ್ನಾಗಿದೆ, ಏನೂ ಆಗಲ್ಲ, ಓಡಿಸು' ಅಂದುಬಿಟ್ಟೆ. ಎಣ್ಣೆ ಇಲ್ಲದೆ ಬೇರಿಂಗ್ ಬಡೀತಿತ್ತು. ಅದನ್ನೇ ಅವನು ಕೇಳಿಸಿದ್ದು. ನಿಲ್ಲಿಸು ಅಂದಿದ್ದರೆ ನಿಲ್ಲಿಸ್ತಿದ್ದ. ನನ್ನ ಮಾತು ನಂಬಿ ಹೋದ. ಬರ್ಕೊಳ್ಳಿ ಸಾರ್, ನನ್ನ ಅಳಿಯನ್ನ ಕೊಂದಿದ್ದು ನನ್ನ ಜಂಬ. ಇವಳ ಗೋಂದಲ್ಲ."

ಇನ್ಸ್‌ಪೆಕ್ಟರ್ ಏನೂ ಬರೆದುಕೊಳ್ಳಲಿಲ್ಲ. ಗ್ಯಾರೇಜಿನ ಹೊರಗೆ ರಸ್ತೆಯಲ್ಲಿ ವಾಹನಗಳು ಎಂದಿನಂತೆ ಓಡಾಡುತ್ತಿದ್ದವು.

ಮಗಳ ಅಳು ನಿಂತಿತ್ತು. ಯಾವಾಗ ನಿಂತಿತೋ ನಾನು ಗಮನಿಸಿರಲಿಲ್ಲ. ಅಪ್ಪನ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಅಪ್ಪ, ನನ್ನ ಬಾಯಿ ನೋಡು. ಅವರಿಗೆ ಗೊತ್ತಿತ್ತು."

"ಏನು?"

"ನಿನ್ನ ಕಿವಿ ವಿಷಯ. ಹೊರಡೋ ದಿನ ಬೆಳಗ್ಗೆ ನಾನೇ ಹೇಳಿದೆ. ಮನಸ್ಸಲ್ಲಿ ಇಟ್ಕೊಳ್ಳೋಕೆ ಆಗಲಿಲ್ಲ. ಎಷ್ಟು ನೊಂದುಕೊಂಡರು ಗೊತ್ತಾ? 'ಮಾವನಿಗೆ ನಂಗೆ ಗೊತ್ತು ಅಂತ ಗೊತ್ತಾಗೋದು ಬೇಡ. ಇನ್ಮೇಲೆ ದಾರೀಲಿ ಏನಾದ್ರೂ ಆದ್ರೆ ನಿನ್ನ ಫೋನಿಗೇ ಮಾಡ್ತೀನಿ, ಅವರ ಫೋನಿಗೆ ಮಾಡಲ್ಲ' ಅಂದ್ರು. ಆವತ್ತು ನನ್ನ ಫೋನು ನನ್ನ ಹತ್ರಾನೇ ಇತ್ತು, ಅವರಿಂದ ಒಂದು ಫೋನೂ ಬರಲಿಲ್ಲ. ಅವರು ನಿಂಗೆ ಎಂಜಿನ್ ಕೇಳಿಸೋಕೆ ಫೋನ್ ಮಾಡೋ ಮಾತೇ ಇಲ್ಲ ಅಪ್ಪ."

ನಾನು ಇನ್ಸ್‌ಪೆಕ್ಟರ್ ಕಡೆ ತಿರುಗಿದೆ. ಅವರ ಮುಖದ ಬಣ್ಣ ಬದಲಾಗಿತ್ತು.

"ಲಾರಿಯ ಕ್ಯಾಬಿನ್ನಿನಲ್ಲಿ ಅವನ ಫೋನ್ ಸಿಗಲಿಲ್ಲ ಮೇಡಂ," ಎಂದರು ಮೆಲ್ಲಗೆ. "ನೀರಿಗೆ ಬಿದ್ದಿರಬೇಕು ಅಂದುಕೊಂಡು ಸುಮ್ಮನಾಗಿದ್ದೆ."

ಹಾಗಾದರೆ ದಾರಿಯಲ್ಲಿ ಲಾರಿ ಎಲ್ಲೋ ನಿಂತಿತ್ತು. ಎಂಜಿನ್ ಬಡಿಯುವುದು ಅವನ ಬಳಿಯಿದ್ದ ಯಾರಿಗೋ ಕೇಳಿಸಿತ್ತು. ಆ ಹುಡುಗನ ಫೋನು ಹಿಡಿದು, ಮೇಸ್ತ್ರಿಯ ಬಾಯಿಂದ 'ಓಡಿಸು' ಎಂಬ ಮಾತು ಹೊರಡಿಸಿಕೊಂಡವರು ಇನ್ಯಾರೋ ಇದ್ದರು.

ಮಗಳು ಅಪ್ಪನ ಮುಖ ಬಿಟ್ಟಿರಲಿಲ್ಲ. ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ, ತುಟಿಗಳಲ್ಲಿ ಕಾಣುವಂತೆ ಕೇಳಿದಳು.

"ಫೋನಿನಲ್ಲಿ ಮಾತಾಡಿದ್ದು ಯಾರ ದನಿ ಅಪ್ಪ?"

ಮುದುಕ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು.

"ನಂಗೆ ಹೇಗೆ ಗೊತ್ತಾಗಬೇಕು ಪುಟ್ಟಿ?" ಎಂದರು.